ಮದುವೆಯೂಟದ ಪಟ್ಟಿಯ ರಚನೆ

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಹುಳಿ ತೊವ್ವೆಗಳ ಮಾತೆತ್ತಿದರೆ ಕೆಲವರಿಗೆ ನಗು ಬರಬಹುದು. ಆದರೆ ಅಡಿಗೆಯನ್ನು ಶಾಸ್ತ್ರವೆಂದು ಗೌರವಿಸಿದ ನಾಡು ನಮ್ಮದು. 11ನೆಯ ಶತಮಾನದ ‘ಲೋಕೋಪಕಾರ’ದಲ್ಲಿ ಇಮ್ಮಡಿ ಚಾವುಂಡರಾಯನು ಕೃಷಿ, ವೈದ್ಯಗಳ ಜೊತೆಗೆ ಪಾಕವಿಚಾರಕ್ಕೂ ಎಡೆಗೊಟ್ಟಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದ ವಿವರವಿದೆ. ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಬರೆದನು. ಭಕ್ಷ್ಯಗಳನ್ನು ಮಾಡುವ ಬಗೆಯನ್ನು ಇಂಥ ಗ್ರಂಥಗಳಿಂದ ಕಲಿಯಬಹುದು. ಆದರೆ ಅಡಿಗೆಯನ್ನೇ ಜೀವನೋಪಾಯ ಮಾಡಿಕೊಂಡವನು ಆರುನೂರು ಜನರ ಊಟಕ್ಕೆ ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಬೇರೆಯೇ ಪ್ರಶ್ನೆ.

ನನ್ನ ಸೋದರಮಾವನವರು ಮೈಸೂರು ಸೀಮೆಯಲ್ಲಿ ಮದುವೆ ಅಡಿಗೆಯ ಕಂಟ್ರಾಕ್ಟು ಹಿಡಿಯುವವರು. ರಜೆಯ ದಿನಗಳಲ್ಲಿ ಅವರ ಬಳಿ ಲೆಕ್ಕ ಬರೆಯುತ್ತ, ಪಂಕ್ತಿಯಲ್ಲಿ ನೀರು ಬಡಿಸುತ್ತ ನಾನು ತಿಳಿದುಕೊಂಡ ಸಂಗತಿಗಳನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯ ದೃಷ್ಟಿಯಿಂದ ಇಲ್ಲಿ ಜೋಡಿಸಿದ್ದೇನೆ. ಅವರ ಕಸುಬಿನ ಮೂಲಸೂತ್ರ ಒಂದೇ: ಪಟ್ಟಿಯನ್ನು ಮೊದಲ ಪಂಕ್ತಿಗಾಗಿ ಬರೆಯಬಾರದು, ಕೊನೆಯ ಪಂಕ್ತಿಗಾಗಿ ಬರೆಯಬೇಕು.

ಕೊನೆಯ ಪಂಕ್ತಿಯಲ್ಲಿ ಕುಳಿತುಕೊಳ್ಳುವವರು ಯಾರು? ಬೆಳಗಿನಿಂದ ಊದಿ ಬಾರಿಸಿ ದಣಿದ ವಾಲಗದವರು, ಬೀಗರನ್ನು ಕರೆತಂದ ಡ್ರೈವರುಗಳು, ಛತ್ರ ಗುಡಿಸುವವರು, ಇಷ್ಟು ಹೊತ್ತು ಬಡಿಸಿದವರು. ಹೋಳಿಗೆ ಮುಗಿದು, ಹುಳಿಗೆ ನೀರು ಬೆರೆಯುವುದು ಇವರ ಪಾಲಿಗೇ. ಅಡಿಗೆಯವರ ಕೈ ಕೆಟ್ಟದ್ದೆಂದು ಇದಕ್ಕೆ ಕಾರಣ ಹೇಳುವುದುಂಟು. ಬಹುಮಟ್ಟಿಗೆ ಪಟ್ಟಿಯೇ ಇದಕ್ಕೆ ಕಾರಣ.

ಮೊದಲನೆಯದಾಗಿ ಕಾಲದ ಲೆಕ್ಕವನ್ನು ನೋಡೋಣ. ಆರುನೂರು ಜನರು ಇನ್ನೂರರಂತೆ ಮೂರು ಪಂಕ್ತಿಗಳಲ್ಲಿ ಉಣ್ಣುವರೆಂದೂ, ಬಡಿಸುವವರು ಹತ್ತು ಮಂದಿಯೆಂದೂ ಇಟ್ಟುಕೊಳ್ಳಿ. ಒಂದು ಎಲೆಗೆ ಒಂದು ಪದಾರ್ಥವನ್ನು ಬಡಿಸಿ ಮುಂದೆ ಸರಿಯಲು 5 ಸೆಕೆಂಡು ಹಿಡಿದರೆ, 24 ಬಗೆಗಳನ್ನು ಒಂದು ಸುತ್ತು ಬಡಿಸಲು ಹತ್ತು ಮಂದಿಗೆ 40 ನಿಮಿಷ ಬೇಕು. 15 ಬಗೆಗಳಾದರೆ 25 ನಿಮಿಷ ಸಾಕು. ಮೊದಲೆರಡು ಪಂಕ್ತಿಗಳಲ್ಲಿಯೇ ಅರ್ಧ ಗಂಟೆಯ ಅಂತರ ಬೀಳುತ್ತದೆ. ಎರಡನೆಯ ಸಲ ಅನ್ನ, ಸಾರು ವಿಚಾರಿಸುವ ಉಪಚಾರ ಇದರಲ್ಲಿ ಸೇರಿಲ್ಲ. ಬಗೆ ಹೆಚ್ಚಿದಷ್ಟೂ ಉಪಚಾರ ಕಡಿಮೆಯಾಗುವುದೆಂಬುದು ಇದರಿಂದ ಸ್ಪಷ್ಟ.

ಎರಡನೆಯದು ಒಲೆಯ ಲೆಕ್ಕ. ಪದಾರ್ಥಗಳಲ್ಲಿ ಮೂರು ವರ್ಗಗಳುಂಟು. ಮೈಸೂರುಪಾಕು, ಲಾಡು, ಪುಳಿಯೋಗರೆಯ ಗೊಜ್ಜು ಮುಂತಾದವು ಹಿಂದಿನ ದಿನವೇ ಸಿದ್ಧವಾಗಬಲ್ಲವು. ತೊವ್ವೆ, ಹುಳಿ, ಸಾರು, ಪಲ್ಯಗಳು ಆ ಬೆಳಗಿನ ಕೆಲಸ. ಹೋಳಿಗೆ, ಆಂಬೊಡೆ, ಬೋಂಡಗಳು ಬಡಿಸುವ ಹೊತ್ತಿನವು. ಒಂದು ಕಾವಲಿಯ ಮೇಲೆ ಮೂರು ನಿಮಿಷಕ್ಕೆ ಮೂರು ಹೋಳಿಗೆ ಬೆಂದರೆ ಗಂಟೆಗೆ 60 ಆದವು. ತಲೆಗೆ ಒಂದೂವರೆಯಂತೆ 900 ಹೋಳಿಗೆ ಬೇಕಾದಲ್ಲಿ ಐದು ಕಾವಲಿಗಳಿಗೆ ಮೂರು ಗಂಟೆಯ ದುಡಿಮೆ. ಆದ್ದರಿಂದ ಮೂರನೆಯ ವರ್ಗದಿಂದ ಎರಡಕ್ಕಿಂತ ಹೆಚ್ಚು ಪದಾರ್ಥಗಳನ್ನು ಮಾವನವರು ಒಪ್ಪಿಕೊಳ್ಳುವುದಿಲ್ಲ.

ಮೂರನೆಯದು ಆರೋಗ್ಯ. ಬೆಂದ ಆಹಾರವು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬಹಳ ಹೊತ್ತು ನಿಂತರೆ ಸೂಕ್ಷ್ಮಜೀವಿಗಳು ಬೇಗ ವೃದ್ಧಿಯಾಗುತ್ತವೆ. ಉಗುರುಬೆಚ್ಚಗೆ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣು ಬೆಳೆದು, ಮತ್ತೆ ಕಾಯಿಸಿದರೂ ನಾಶವಾಗದ ವಿಷವನ್ನು ಉಂಟುಮಾಡಬಲ್ಲದು. ಬೆಳಗ್ಗೆ ಎಂಟಕ್ಕೆ ಒಮ್ಮೆಗೇ ಬೇಯಿಸಿ ಗುಡ್ಡೆ ಹಾಕಿದ ಅನ್ನವನ್ನು ಮೂರು ಗಂಟೆಯ ಪಂಕ್ತಿಗೆ ಬಡಿಸುವುದು ಆದ್ದರಿಂದ ಅಪಾಯಕರ. ಪಂಕ್ತಿಗೊಮ್ಮೆ ಅನ್ನವನ್ನು ಬೇಯಿಸಬೇಕಾದರೆ ಅದಕ್ಕೆಂದೇ ಒಂದು ಒಲೆ ಬಿಡುವಾಗಿರಬೇಕು. ಪಟ್ಟಿ ಉದ್ದವಾದಲ್ಲಿ ಆ ಒಲೆ ಸಿಕ್ಕುವುದಿಲ್ಲ.

ನಾಲ್ಕನೆಯದು ಹಣ. ಕಂಟ್ರಾಕ್ಟರಿಗೆ ಹಣ ಬರುವುದು ಎಲೆಯ ಲೆಕ್ಕದಲ್ಲಿ. ಬಗೆ ಹೆಚ್ಚಿದರೂ ಉಣ್ಣುವವನ ಹಸಿವು ಹೆಚ್ಚುವುದಿಲ್ಲ. ಒಂದೊಂದನ್ನೂ ಸ್ವಲ್ಪ ಮುಟ್ಟಿ ಬಿಡುತ್ತಾನೆ. ಇತ್ತ 24 ಪಾತ್ರೆಗಳ ತಳದಲ್ಲಿ 24 ಬಗೆಯ ಉಳಿಕೆ ನಿಲ್ಲುತ್ತದೆ. ಅವೆಲ್ಲ ಸೇರಿದರೂ ಒಂದು ಪೂರ್ತಿ ಊಟವಾಗುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರ ಸಮೀಕ್ಷೆಯೊಂದು 2012ರಲ್ಲಿ ಪ್ರಕಟವಾಯಿತು. ಆ ಒಂದು ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ನುಗಳಷ್ಟು ಒಳ್ಳೆಯ ಆಹಾರ ವ್ಯರ್ಥವಾಗುತ್ತದೆಂದು ಅದು ಅಂದಾಜು ಮಾಡಿತು. ಎಂಜಲೆಲೆಯಲ್ಲಿ ಹೋಳಿಗೆ ಉಳಿಯುವುದೂ ಕೊನೆಯ ಪಂಕ್ತಿಗೆ ಹೋಳಿಗೆ ಸಿಕ್ಕದಿರುವುದೂ ಒಂದೇ ಛತ್ರದಲ್ಲಿ, ಒಂದೇ ಮಧ್ಯಾಹ್ನ ನಡೆಯುತ್ತವೆ.

ಹಾಗಾದರೆ ಒಳ್ಳೆಯ ಪಟ್ಟಿ ಹೇಗಿರಬೇಕು? ವೈಶಾಖದ ಮದುವೆಯೊಂದಕ್ಕೆ ಮಾವನವರು ಬರೆಸಿದ ಪಟ್ಟಿ ಇದು: ಉಪ್ಪಿನಕಾಯಿ, ಹೆಸರುಬೇಳೆಯ ಕೋಸಂಬರಿ, ಹುರುಳಿಕಾಯಿ ಪಲ್ಯ, ಅನಾನಸ್ ಗೊಜ್ಜು, ಹಪ್ಪಳ, ಆಂಬೊಡೆ, ಶ್ಯಾವಿಗೆ ಪಾಯಸ, ಮಾವಿನಕಾಯಿ ಚಿತ್ರಾನ್ನ, ಅನ್ನ, ತೊವ್ವೆ, ತುಪ್ಪ, ಒಬ್ಬಟ್ಟಿನ ಸಾರು, ಕುಂಬಳಕಾಯಿ ಹುಳಿ, ಹೋಳಿಗೆ, ಮಜ್ಜಿಗೆ. ಒಟ್ಟು ಹದಿನೈದು. ಒಂದು ತರಕಾರಿ ಎರಡು ಕಡೆ ಬಂದಿಲ್ಲ. ಮಾವಿನಕಾಯಿ ಆ ಕಾಲಕ್ಕೆ ಹೇರಳವಾಗಿ, ಅಗ್ಗವಾಗಿ ಸಿಕ್ಕುತ್ತದೆ. ಹೂರಣಕ್ಕೆ ಕಡಲೆಬೇಳೆ ಬೇಯಿಸಿದ ಕಟ್ಟೇ ಸಾರಾಗುವುದರಿಂದ ಏನೂ ಚೆಲ್ಲಿಹೋಗುವುದಿಲ್ಲ. ಹುಳಿ, ಸಿಹಿ, ಖಾರಗಳಿವೆ. ಮೆತ್ತಗಿನದರ ಪಕ್ಕದಲ್ಲಿ ಗರಿಗರಿಯಾದದ್ದಿದೆ. ಸಿಹಿ ಮುಟ್ಟಬಾರದವರಿಗೂ, ಹಲ್ಲಿಲ್ಲದ ಹಿರಿಯರಿಗೂ ತೊವ್ವೆ, ಅನ್ನ, ಮಜ್ಜಿಗೆಗಳಿಂದ ಊಟ ಪೂರ್ಣವಾಗುತ್ತದೆ. ಬಡಿಸುವ ಹೊತ್ತಿಗೆ ಬಿಸಿಯಾಗಿ ಮಾಡಬೇಕಾದವು ಹೋಳಿಗೆ, ಆಂಬೊಡೆ ಎರಡೇ. ಹಪ್ಪಳವನ್ನು ಮೊದಲೇ ಕರಿದು ಡಬ್ಬಿಗೆ ತುಂಬಬಹುದು.

ಈ ಪಟ್ಟಿಯನ್ನು ಮದುವೆಯ ಮನೆಯವರಿಂದ ಒಪ್ಪಿಸುವುದೇ ಕಷ್ಟದ ಕೆಲಸ. “ಬೀಗರ ಕಡೆಯ ಮದುವೆಯಲ್ಲಿ ಹದಿನೆಂಟು ಬಗೆ ಮಾಡಿಸಿದ್ದರು, ನಮ್ಮದರಲ್ಲಿ ಇಪ್ಪತ್ತನಾಲ್ಕು ಆಗಲಿ” ಎಂದು ಯಜಮಾನರು ಪಟ್ಟುಹಿಡಿದರು. ಮಾವನವರು ವಾದಕ್ಕೆ ಇಳಿಯಲಿಲ್ಲ. “ಆಗಲಿ ಸ್ವಾಮಿ, ಬಗೆ ಎಷ್ಟಾದರೂ ಹೊಟ್ಟೆ ಒಂದೇ ತಾನೆ? ಹದಿನೈದಕ್ಕೆ ಒಪ್ಪಿದರೆ ಒಬ್ಬೊಬ್ಬರಿಗೂ ಎರಡನೆಯ ಸಲ ತುಪ್ಪ, ಹೋಳಿಗೆ ವಿಚಾರಿಸುತ್ತೇನೆ. ಇಪ್ಪತ್ತನಾಲ್ಕಾದರೆ ಆ ಮಾತು ಕೊಡಲಾರೆ” ಎಂದರು. ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ ಹದಿನೈದಕ್ಕೇ ಒಪ್ಪಿದರು. ಆ ದಿನ ಮೂರು ಗಂಟೆಗೆ ವಾಲಗದವರ ಎಲೆಗೆ ಬಿಸಿ ಹೋಳಿಗೆ ಬಿತ್ತು, ಅದರ ಮೇಲೆ ತುಪ್ಪವೂ ಬಿತ್ತು. ಕಂಟ್ರಾಕ್ಟಿನಲ್ಲಿ ನಷ್ಟವಾಗಲಿಲ್ಲ.

ಮಿತಿಯೊಳಗಿನ ಸಾಧನಗಳಿಂದ ಹೆಚ್ಚು ತೃಪ್ತಿಯನ್ನು ಪಡೆಯುವುದು ಹೇಗೆಂದು ತರಗತಿಯಲ್ಲಿ ಓದುತ್ತೇವೆ. ಆ ತೃಪ್ತಿ ಯಾರಿಗೆ ಸಲ್ಲಬೇಕೆಂಬುದನ್ನೂ ಅಡಿಗೆಯ ಪಟ್ಟಿ ಕೇಳುತ್ತದೆ. ನಮ್ಮ ಮಿತ್ರರಲ್ಲಿ ಮುಂದೆ ಯಾರಾದರೂ ಈ ವೃತ್ತಿಯನ್ನು ಕೈಗೊಂಡರೆ, ಅಥವಾ ತಮ್ಮ ಮನೆಯ ಮದುವೆಗೆ ಪಟ್ಟಿ ಬರೆಯಲು ಕುಳಿತರೆ, ಪ್ರತಿಯೊಂದು ಪದಾರ್ಥದ ಎದುರಿಗೂ ಒಂದು ಪ್ರಶ್ನೆಯನ್ನು ಬರೆದುಕೊಳ್ಳಲಿ: ಇದು ಕೊನೆಯ ಪಂಕ್ತಿಯವರೆಗೆ ಇದೇ ರುಚಿಯಲ್ಲಿ ಹೋಗಿ ಮುಟ್ಟೀತೆ? ಮುಟ್ಟಲಾರದೆಂದು ತೋರಿದರೆ ಅದನ್ನು ಸಂಕೋಚವಿಲ್ಲದೆ ಹೊಡೆದುಹಾಕಲಿ.