ಪ್ರತಿಜೈವಿಕಗಳಿಗೆ ಸಸ್ಯಗಳ ಅನುಪಾನ

ಔಷಧವನ್ನು ಸೇವಿಸುವಾಗ ಅದರೊಡನೆ ಅಥವಾ ಅದರ ಹಿಂದೆಯೇ ಕುಡಿಯತಕ್ಕ ದ್ರವ್ಯಕ್ಕೆ ಆಯುರ್ವೇದದಲ್ಲಿ ಅನುಪಾನವೆಂದು ಹೆಸರು. ‘ಅನು’ ಎಂದರೆ ಹಿಂಬಾಲಿಸಿ, ‘ಪಾನ’ ಎಂದರೆ ಕುಡಿಯುವುದು. ಜೇನುತುಪ್ಪ, ತುಪ್ಪ, ಹಾಲು, ಬಿಸಿನೀರು ಇವೇ ಮೊದಲಾದವು ಮನೆಮನೆಗೂ ಪರಿಚಿತವಾದ ಅನುಪಾನಗಳು. ಅಳಲೆಕಾಯಿ ಪಂಡಿತರೆಂದು ಹಾಸ್ಯಕ್ಕೆ ಗುರಿಯಾದ ಹಳ್ಳಿಯ ವೈದ್ಯರು ಕೂಡ ಗುಳಿಗೆಯನ್ನು ಕೊಡುವಾಗ ಅದನ್ನು ಯಾವುದರಲ್ಲಿ ತೇದು ಸೇವಿಸಬೇಕೆಂಬುದನ್ನು ಮರೆಯದೆ ಹೇಳುತ್ತಿದ್ದರು. ಅನುಪಾನವು ತಾನೇ ರೋಗವನ್ನು ಕಳೆಯಬೇಕೆಂದಿಲ್ಲ. ಕಳೆಯತಕ್ಕ ಔಷಧಕ್ಕೆ ದಾರಿಮಾಡಿಕೊಟ್ಟರೆ ಸಾಕು. ಈ ಹಳೆಯ ಮಾತು ಆಧುನಿಕ ವೈದ್ಯಶಾಸ್ತ್ರದ ಬಹುದೊಡ್ಡ ಸಂಕಟವೊಂದರ ಸಂದರ್ಭದಲ್ಲಿ ಈಗ ಹೊಸ ಅರ್ಥವನ್ನು ಪಡೆಯುತ್ತಿದೆ.

ಆ ಸಂಕಟವೆಂದರೆ ಪ್ರತಿಜೈವಿಕ ಔಷಧಗಳಿಗೆ ಬ್ಯಾಕ್ಟೀರಿಯಗಳು ಬಗ್ಗದಿರುವುದು. ಅಲೆಕ್ಸಾಂಡರ್ ಫ್ಲೆಮಿಂಗ್ ಲಂಡನ್ನಿನಲ್ಲಿ ಪೆನಿಸಿಲಿನ್ನನ್ನು ಕಂಡುದು 1928ರಲ್ಲಿ. ಅದು ರೋಗಿಗಳ ಕೈಸೇರುವ ಮುನ್ನವೇ, 1940ರಲ್ಲಿ, ಅದನ್ನು ಮುರಿದುಹಾಕುವ ಕಿಣ್ವವೊಂದು ಬ್ಯಾಕ್ಟೀರಿಯಗಳಲ್ಲಿ ಇರುವುದನ್ನು ಅಬ್ರಹಾಂ ಮತ್ತು ಚೈನ್ ಎಂಬ ವಿಜ್ಞಾನಿಗಳು ಪ್ರಕಟಿಸಿದ್ದರು. 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದಾಗ ಮಾಡಿದ ಉಪನ್ಯಾಸದಲ್ಲಿ ಫ್ಲೆಮಿಂಗನೇ, ಸಾಲದಷ್ಟು ಪ್ರಮಾಣದಲ್ಲಿ ಈ ಔಷಧವನ್ನು ಸೇವಿಸಿದರೆ ಸೂಕ್ಷ್ಮಜೀವಿಗಳು ಅದನ್ನು ಎದುರಿಸಲು ಕಲಿಯುತ್ತವೆಂದು ಎಚ್ಚರಿಸಿದನು. ಎಚ್ಚರಿಕೆ ಬಹುಬೇಗ ನಿಜವಾಯಿತು. ಆ ಕಿಣ್ವಕ್ಕೆ ಜಗ್ಗದ ಮೆಥಿಸಿಲಿನ್ ಎಂಬ ಔಷಧ 1959ರಲ್ಲಿ ಬಳಕೆಗೆ ಬಂದಿತು. ಅದಕ್ಕೂ ಮಣಿಯದ ಸ್ಟೆಫಿಲೊಕಾಕಸ್ ಆರಿಯಸ್ ತಳಿಗಳು 1961ರ ಹೊತ್ತಿಗೇ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡವು. ಔಷಧಕ್ಕೆ ಮಣಿಯದ ಸೋಂಕುಗಳೇ ನೇರವಾಗಿ ಕಾರಣವಾದ ಸಾವುಗಳು 2019ನೆಯ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷವೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ.

ಬ್ಯಾಕ್ಟೀರಿಯಗಳ ಉಪಾಯಗಳು ಹಲವು. ಕೆಲವು ಔಷಧವನ್ನೇ ಕತ್ತರಿಸುತ್ತವೆ. ಕೆಲವು ಔಷಧವು ಬಂದು ತಗಲುವ ತಾಣದ ಸ್ವರೂಪವನ್ನೇ ಬದಲಿಸಿಕೊಳ್ಳುತ್ತವೆ. ಇವೆರಡಕ್ಕಿಂತಲೂ ಚಮತ್ಕಾರದ್ದು ಮೂರನೆಯ ಉಪಾಯ. ಜೀವಕೋಶದ ಪೊರೆಯಲ್ಲಿ ಪಂಪಿನಂತೆ ಕೆಲಸಮಾಡುವ ಪ್ರೋಟೀನುಗಳಿರುತ್ತವೆ. ಸೋರುವ ದೋಣಿಯೊಳಕ್ಕೆ ಬಂದ ನೀರನ್ನು ಅಂಬಿಗನು ಮೊಗೆಮೊಗೆದು ಹೊರಚೆಲ್ಲುವಂತೆ ಇವು ಒಳಹೊಕ್ಕ ಔಷಧವನ್ನು ಹೊರಗೆ ನೂಕುತ್ತವೆ. ನೀರು ಬರುವ ವೇಗಕ್ಕಿಂತ ಮೊಗೆಯುವ ವೇಗ ಹೆಚ್ಚಾಗಿರುವ ತನಕ ದೋಣಿ ಮುಳುಗದು. ಹಾಗಾದರೆ ಹೆಚ್ಚು ನೀರು ಸುರಿಯುವುದೊಂದೇ ದಾರಿಯೇ? ಅಂಬಿಗನ ಕೈಯನ್ನು ಹಿಡಿದರಾಗದೇ?

ಈ ಪ್ರಶ್ನೆಗೆ ಅತ್ಯಂತ ಸ್ವಾರಸ್ಯಕರವಾದ ಉತ್ತರ ದೊರೆತುದು ಗಿಡಗಳಿಂದಲೇ. ದಾರುಹರಿದ್ರೆಯ ಜಾತಿಯ ಗಿಡಗಳಲ್ಲಿ ಬರ್ಬೆರಿನ್ ಎಂಬ ಹಳದಿಯ ಸತ್ತ್ವವಿದೆ. ಅದಕ್ಕೆ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಗುಣವುಂಟಾದರೂ ಸ್ಟೆಫಿಲೊಕಾಕಸ್‌ನ ‘ನಾರ್-ಎ’ ಎಂಬ ಪಂಪು ಅದನ್ನು ಸುಲಭವಾಗಿ ಹೊರದೂಡುತ್ತದೆ. ಅಮೆರಿಕದ ಸ್ಟರ್ಮಿಟ್ಸ್, ಲೂಯಿಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಇದೇ ಗಿಡಗಳು ಮೆಥಾಕ್ಸಿಹೈಡ್ನೊಕಾರ್ಪಿನ್ ಎಂಬ ಇನ್ನೊಂದು ವಸ್ತುವನ್ನೂ ತಯಾರಿಸುತ್ತವೆ. ಇದು ಒಂಟಿಯಾಗಿ ಯಾವ ಬ್ಯಾಕ್ಟೀರಿಯವನ್ನೂ ಕೊಲ್ಲದು. ಆದರೆ ಪಂಪನ್ನು ತಡೆಯುತ್ತದೆ. ತಡೆದೊಡನೆ ಬರ್ಬೆರಿನ್ ಕೋಶದೊಳಗೆ ಸಂಗ್ರಹವಾಗಿ ತನ್ನ ಕೆಲಸವನ್ನು ಮಾಡುತ್ತದೆ. ಗಿಡವು ಬಾಣವನ್ನೂ ಮಾಡಿತು, ಶತ್ರುವಿನ ಗುರಾಣಿಯನ್ನು ಕಸಿಯುವ ಕೈಯನ್ನೂ ಮಾಡಿತು.

ಆ ವಸ್ತುವಿನ ಉದ್ದವಾದ ಹೆಸರಿನಲ್ಲಿ ಕನ್ನಡನಾಡಿನ ಮರವೊಂದರ ನಂಟು ಅಡಗಿದೆ. ‘ಹೈಡ್ನೊಕಾರ್ಪಸ್’ ಎಂಬುದು ಗರುಡಫಲದ ಕುಲದ ಲ್ಯಾಟಿನ್ ನಾಮಧೇಯ. ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಈ ಮರವೇ ಸಂಸ್ಕೃತದ ತುವರಕವೆಂದು ಹೇಳುತ್ತಾರೆ. ಸುಶ್ರುತನು ತುವರಕವನ್ನು ಪಶ್ಚಿಮ ಸಮುದ್ರದ ತೀರದ ಮರವೆಂದೇ ವರ್ಣಿಸಿದ್ದಾನೆ. ಇಂತಹ ಮರಗಳ ಬೀಜದಿಂದ ತೆಗೆದ ಚಾಲ್ಮೊಗ್ರ ಎಣ್ಣೆಯು, 1940ರ ದಶಕದಲ್ಲಿ ಸಲ್ಫೋನ್ ಔಷಧಗಳು ಬರುವ ತನಕ, ಕುಷ್ಠರೋಗದ ಮುಖ್ಯ ಚಿಕಿತ್ಸೆಯಾಗಿತ್ತು. ಮೇಲೆ ಹೇಳಿದ ವಸ್ತುವು ಈ ಎಣ್ಣೆಯಲ್ಲಿಯೂ ಅಲ್ಪಪ್ರಮಾಣದಲ್ಲಿ ಇರುವುದು ಮೊದಲೇ ತಿಳಿದಿತ್ತು.

ಇಂತಹ ಜೋಡಿಗಳನ್ನು ಪರೀಕ್ಷಿಸುವ ಬಗೆಯನ್ನು ತರಗತಿಯಲ್ಲಿಯೂ ಸುಲಭವಾಗಿ ವಿವರಿಸಬಹುದು. ಅಳಗುಳಿಮಣೆಯನ್ನು ಹೋಲುವ, ಎಂಟು ಸಾಲುಗಳಲ್ಲಿ ಹನ್ನೆರಡು ಹನ್ನೆರಡರಂತೆ 96 ಗುಳಿಗಳುಳ್ಳ ತಟ್ಟೆ ಬೇಕು. ಒಂದು ದಿಕ್ಕಿನಲ್ಲಿ ಪ್ರತಿಜೈವಿಕದ ಪ್ರಮಾಣವನ್ನು ಗುಳಿಯಿಂದ ಗುಳಿಗೆ ಅರ್ಧರ್ಧ ಮಾಡುತ್ತ ಹೋಗುತ್ತಾರೆ. ಇನ್ನೊಂದು ದಿಕ್ಕಿನಲ್ಲಿ ಸಸ್ಯಸತ್ತ್ವವನ್ನು ಹಾಗೆಯೇ ಇಳಿಸುತ್ತಾರೆ. ಎಲ್ಲಕ್ಕೂ ಬ್ಯಾಕ್ಟೀರಿಯವನ್ನು ಬಿತ್ತಿ, ಶರೀರದ ಶಾಖದಲ್ಲಿ ಒಂದು ರಾತ್ರಿ ಇಟ್ಟರೆ, ಬೆಳೆದ ಗುಳಿಗಳು ಕದಡಿರುತ್ತವೆ, ಬೆಳೆಯದವು ತಿಳಿಯಾಗಿರುತ್ತವೆ. ಎರಡು ವಸ್ತುಗಳೂ ಒಂಟಿಯಾಗಿ ಬೇಕಾದ ಪ್ರಮಾಣದ ಕಾಲುಭಾಗದಲ್ಲಿಯೇ ಜೊತೆಗೂಡಿ ಬೆಳವಣಿಗೆಯನ್ನು ನಿಲ್ಲಿಸಿದರೆ ಅವು ಪರಸ್ಪರ ಬಲವರ್ಧಕಗಳೆಂದು ಲೆಕ್ಕ. ಎರಡನ್ನು ಬೆರೆಸಿದ ಮಾತ್ರಕ್ಕೆ ಬಲವರ್ಧನೆಯಾಗದು. ಹಲವು ಜೋಡಿಗಳು ಉದಾಸೀನವಾಗಿರುತ್ತವೆ. ಕೆಲವು ಒಂದರ ಕೆಲಸವನ್ನು ಇನ್ನೊಂದು ಕೆಡಿಸುವುದೂ ಉಂಟು.

ತಟ್ಟೆಯಲ್ಲಿ ಗೆದ್ದುದು ದೇಹದಲ್ಲಿ ಗೆಲ್ಲಬೇಕೆಂಬ ನಿಯಮವಿಲ್ಲ. ಸರ್ಪಗಂಧಿಯ ರಿಸರ್ಪಿನ್ ಕೂಡ ನಾರ್-ಎ ಪಂಪನ್ನು ತಡೆಯುತ್ತದೆ. ಆದರೆ ಅದಕ್ಕೆ ಬೇಕಾಗುವಷ್ಟು ಪ್ರಮಾಣವನ್ನು ಮನುಷ್ಯನಿಗೆ ಕೊಟ್ಟರೆ ವಿಷವಾದೀತು. ಮೆಥಾಕ್ಸಿಹೈಡ್ನೊಕಾರ್ಪಿನ್ ಸಹ ಔಷಧದಂಗಡಿಯನ್ನು ಇನ್ನೂ ಸೇರಿಲ್ಲ. ಹಾಗೆಂದು ಈ ತತ್ತ್ವವೇ ವ್ಯರ್ಥವೆನ್ನಲಾಗದು. ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಕ್ಲಾವುಲಾನಿಕ್ ಆಮ್ಲವು ಪೆನಿಸಿಲಿನ್ ಮುರಿಯುವ ಕಿಣ್ವವನ್ನು ತಡೆಯುತ್ತದೆ. ಅಮಾಕ್ಸಿಸಿಲಿನ್ನಿನ ಜೊತೆಗಾರನಾಗಿ 1981ರಿಂದ ಅದು ಬಳಕೆಯಲ್ಲಿದೆ. ಸಸ್ಯಗಳಿಂದ ಅಂತಹುದೇ ನೆರವನ್ನು ಪಡೆಯಬೇಕೆಂಬುದು ಈಗಿನ ಯತ್ನ.

ಈ ಯತ್ನದಲ್ಲಿ ಭಾರತದ ಪಾಲು ಗಣ್ಯವಾದುದು. ಶುಂಠಿ, ಮೆಣಸು, ಹಿಪ್ಪಲಿಗಳ ತ್ರಿಕಟುವು ಆಯುರ್ವೇದದ ಅಸಂಖ್ಯ ಯೋಗಗಳಲ್ಲಿ ಏಕೆ ಸೇರಿರುತ್ತದೆಂದು ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದಲ್ಲಿ ಸಿ. ಕೆ. ಅಟಲ್ ಮತ್ತು ಸಹೋದ್ಯೋಗಿಗಳು ವಿಚಾರಮಾಡಿದರು. ಮೆಣಸು ಹಿಪ್ಪಲಿಗಳಲ್ಲಿರುವ ಪೈಪರಿನ್ ಎಂಬ ಖಾರದ ಸತ್ತ್ವವು ಇತರ ಔಷಧಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಹೆಚ್ಚಿಸುತ್ತದೆಂದು ತಿಳಿದುಬಂದಿತು. (ಪಿಪ್ಪಲೀ ಎಂಬ ಸಂಸ್ಕೃತ ಪದವೇ ಗ್ರೀಕ್ ಲ್ಯಾಟಿನ್‌ಗಳನ್ನು ಸುತ್ತಿ ಪೈಪರಿನ್ ಆಗಿ ತವರಿಗೆ ಹಿಂದಿರುಗಿದೆಯೆಂಬುದು ಭಾಷಾಸಕ್ತರಿಗೆ ಮುದವನ್ನೀಯುವ ಸಂಗತಿ.) ಇದೇ ಸಂಸ್ಥೆಯ ಸಂಶೋಧನೆಯ ಫಲವಾಗಿ 2009ರಲ್ಲಿ ಕ್ಷಯರೋಗಕ್ಕೆ ರಿಸೊರಿನ್ ಎಂಬ ಗುಳಿಗೆ ಮಾರುಕಟ್ಟೆಗೆ ಬಂದಿತು. ವಾಡಿಕೆಯ 450 ಮಿಲಿಗ್ರಾಂ ರಿಫಾಂಪಿಸಿನ್ನಿನ ಬದಲು 200 ಮಿಲಿಗ್ರಾಂ, ಅದರೊಡನೆ 300 ಮಿಲಿಗ್ರಾಂ ಐಸೊನಿಯಾಜಿಡ್, 10 ಮಿಲಿಗ್ರಾಂ ಪೈಪರಿನ್. ಇದು ಅದರ ಘಟನೆ. ಜಮ್ಮುವಿನವರೇ 2006ರಲ್ಲಿ, ಪೈಪರಿನ್ ಸ್ಟೆಫಿಲೊಕಾಕಸ್‌ನ ಪಂಪನ್ನೂ ತಡೆದು ಸಿಪ್ರೊಫ್ಲಾಕ್ಸಾಸಿನ್ನಿಗೆ ಬಲವೀಯುತ್ತದೆಂದು ಪ್ರಯೋಗಶಾಲೆಯಲ್ಲಿ ತೋರಿಸಿದರು. ಆದರೂ ಸರಕಾರದ ಕ್ಷಯರೋಗ ಕಾರ್ಯಕ್ರಮದ ಸಾಮಾನ್ಯ ಚಿಕಿತ್ಸಾಕ್ರಮದಲ್ಲಿ ಪೈಪರಿನ್ನಿಗೆ ಸ್ಥಾನ ದೊರೆತಿಲ್ಲವೆಂಬುದನ್ನು ಮರೆಮಾಚಬಾರದು.

ಎಲ್ಲವೂ ಪೂರ್ವಿಕರಿಗೆ ತಿಳಿದಿತ್ತೆಂದು ಬೀಗುವವರಿಗೆ ಇಲ್ಲಿ ಆಧಾರವಿಲ್ಲ. ತ್ರಿಕಟುವನ್ನು ಯೋಜಿಸಿದವರು ಪಂಪನ್ನು ಕಂಡವರಲ್ಲ. ಔಷಧವೊಂದನ್ನೇ ನೋಡದೆ ಅದರ ಜೊತೆಗಾರನನ್ನೂ ಹುಡುಕಬೇಕೆಂಬ ವಿವೇಕ ಮಾತ್ರ ಅವರದು. ಆ ವಿವೇಕದಲ್ಲಿ ಎಚ್ಚರಿಕೆಯೂ ಸೇರಿತ್ತು: ಅನುಪಾನವನ್ನು ರೋಗಿಯು ತಾನೇ ಆರಿಸಿಕೊಳ್ಳುತ್ತಿರಲಿಲ್ಲ, ವೈದ್ಯನು ನಿರ್ದೇಶಿಸುತ್ತಿದ್ದನು. ಪೈಪರಿನ್ ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ನಿನ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲುದು. ಆ ಔಷಧದ ಹಿತವಾದ ಪ್ರಮಾಣಕ್ಕೂ ವಿಷಪ್ರಮಾಣಕ್ಕೂ ಅಂತರ ಬಹಳ ಕಿರಿದು. ಗುಳಿಗೆಗಳನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದುದಕ್ಕೆ ಹಿಪ್ಪಲಿಯ ಕಷಾಯವೇ ಸಾಕೆಂದುಕೊಳ್ಳುವುದಂತೂ ಫ್ಲೆಮಿಂಗನು ಅಂಜಿದ ಮಾರ್ಗವೇ ಆಗಿದೆ.

ಮೂಲದ್ರವ್ಯದ ಚಿಂತೆಯೂ ಇದೆ. ದಾರುಹರಿದ್ರೆಯು ಹಿಮಾಲಯದ ಗಿಡವಾದುದರಿಂದ ದಕ್ಷಿಣದಲ್ಲಿ ಅದರ ಬದಲು ಬಹುಕಾಲದಿಂದ ಮರದರಿಸಿನವೆಂಬ ಬಳ್ಳಿಯನ್ನು ಬಳಸುತ್ತ ಬಂದಿದ್ದಾರೆ. ಬರ್ಬೆರಿನ್ ಇದರ ಕಾಂಡದಲ್ಲಿಯೂ ಹೇರಳ. ಕಾಂಡವೇ ಬೇಕಾದುದರಿಂದ ಬಳ್ಳಿಯನ್ನು ಕಡಿಯದೆ ವಿಧಿಯಿಲ್ಲ. ಕಡಿದು ಕಡಿದು ಪಶ್ಚಿಮ ಘಟ್ಟಗಳಲ್ಲಿ ಅದು ಅಳಿವಿನ ಅಂಚಿಗೆ ಬಂದಿದೆ. ಇದರಲ್ಲಿ ಗಂಡುಬಳ್ಳಿ ಬೇರೆ, ಹೆಣ್ಣುಬಳ್ಳಿ ಬೇರೆ. ಆದಕಾರಣ ಕಾಡಿನಲ್ಲಿ ನಾಲ್ಕಾರು ಬಳ್ಳಿಗಳು ಉಳಿದಿದ್ದರೂ, ಎರಡೂ ಬಗೆಯವು ಸಮೀಪದಲ್ಲಿಲ್ಲದಿದ್ದರೆ ಅವು ಕಾಯಿ ಕಚ್ಚುವುದಿಲ್ಲ.