ರಾಲೀಯಲ್ಲಿ ಚಳಿಮಳೆ: ಹೊಸಬರು ಗಮನಿಸಬೇಕಾದದ್ದು

ಉತ್ತರ ಕೆರೊಲಿನಾದ ರಾಲೀ, ಕ್ಯಾರಿ ಸುತ್ತಮುತ್ತ ಜನವರಿ, ಫೆಬ್ರವರಿಯ ಮಳೆ ಯಾವ ರೂಪದಲ್ಲಿ ಬೀಳುತ್ತದೆ ಎಂಬುದು ಒಂದೆರಡು ಡಿಗ್ರಿಯಲ್ಲಿ ತೀರ್ಮಾನವಾಗುತ್ತದೆ. ಈಶಾನ್ಯದಿಂದ ಇಳಿದ ತಣ್ಣನೆಯ ಗಾಳಿ ಅಪಲಾಚಿಯನ್ ಬೆಟ್ಟಸಾಲಿಗೆ ತಾಗಿ ನಿಂತು ನೆಲಮಟ್ಟದಲ್ಲೇ ತಂಗುತ್ತದೆ; ಅದರ ಮೇಲೆ ಸಮುದ್ರದ ಬೆಚ್ಚನೆಯ ತೇವಗಾಳಿ ಹರಿಯುತ್ತದೆ. ಆ ಬೆಚ್ಚನೆಯ ಗಾಳಿಯಲ್ಲಿ ಕರಗಿದ ಹಿಮ ಕೆಳಗಿನ ಶೀತಪದರದಲ್ಲಿ ಮತ್ತೆ ಗಟ್ಟಿಯಾದರೆ ಸ್ಲೀಟ್, ಅಂದರೆ ಕಾರಿನ ಗಾಜಿಗೆ ಟಪಟಪ ಬಡಿಯುವ ಹರಳು. ಆ ಪದರ ತೆಳುವಾಗಿದ್ದರೆ ಹನಿ ನೀರಾಗಿಯೇ ಬಿದ್ದು ಕೊಂಬೆ, ತಂತಿ, ಮೆಟ್ಟಿಲುಗಳ ಮೇಲೆ ಹೆಪ್ಪುಗಟ್ಟುತ್ತದೆ. ಹಿಮಕ್ಕಿಂತ ಇದೇ ಅಪಾಯ. ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ. ಮುನ್ಸೂಚನೆ ಓದುವಾಗ ಎಷ್ಟು ಇಂಚು ಎಂಬುದಕ್ಕಿಂತ ಉಷ್ಣಾಂಶ 32 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯುವ ಹೊತ್ತನ್ನು ನೋಡಬೇಕು. ಸೇತುವೆಗಳ ಮೇಲೆ ಮೊದಲು ಮಂಜುಗಡ್ಡೆ ಕಟ್ಟುತ್ತದೆ. ಕರೆಂಟ್ ಹೋದರೆ ಜನರೇಟರನ್ನು ಮನೆಯೊಳಗಾಗಲಿ ಗ್ಯಾರೇಜಿನಲ್ಲಾಗಲಿ ಓಡಿಸಬಾರದು.