ಜಾಝ್ ಆಲ್ಬಂ ಮಾಡುವವರೇ, ಮೊದಲು ಶ್ರುತಿ ಚೀಟಿ ಬರೆಯಿರಿ

ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಗ್ರಾಮಫೋನ್ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಲ್ಲಿ ಬಂದ ಕಾಲದಲ್ಲಿ ಸುಮಾರು ಮೂರು ನಿಮಿಷದೊಳಗೆ ಹಾಡಿ ಮುಗಿಸಬೇಕಿತ್ತು. ತಪ್ಪಿದರೆ ಮತ್ತೆ ಮೊದಲಿಂದ. ಈಗ ಲ್ಯಾಪ್‌ಟಾಪ್ ಇದೆ, ‘ಆಮೇಲೆ ಸರಿ ಮಾಡಿದರಾಯ್ತು’ ಎಂಬ ಧೈರ್ಯವೂ ಇದೆ. ಸ್ನೇಹಿತರು ಕೂಡಿ ಮಾಡುವ ಆಲ್ಬಂ ಕೆಡುವುದು ಈ ಧೈರ್ಯದಿಂದಲೇ.

ನಮ್ಮ ವಾದ್ಯಗಳೊಂದಿಗೆ ಜಾಝ್ ಬೆರೆಸುವುದು ಹೊಸದಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜತೆ 1983ರಲ್ಲೇ ‘ಜ್ಯೋತಿ’ ಆಲ್ಬಂ ಮಾಡಿತ್ತು. ಕದ್ರಿ ಗೋಪಾಲನಾಥ್ ಮತ್ತು ರುದ್ರೇಶ್ ಮಹಾಂತಪ್ಪ ಅವರ ‘ಕಿನ್ಸ್‌ಮನ್’ ಬಂದದ್ದು 2008ರಲ್ಲಿ.

1. ತಾಲೀಮು. ಐದಾರು ಟ್ಯೂನ್ ಸಾಕು. ತಬಲಾದವರು ಧಾರವಾಡದಲ್ಲಿ, ಸ್ಯಾಕ್ಸೊಫೋನಿನವರು ಹುಬ್ಬಳ್ಳಿಯಲ್ಲಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ತುಣುಕು ಕಳಿಸಿಕೊಂಡು ಜಾಝ್ ಕಟ್ಟಲಾಗದು. ನಡುವೆ ಇರುವುದು 20 ಕಿಲೋಮೀಟರ್. ಚಿಗರಿ ಬಸ್ ಹತ್ತಿ ಒಂದೆಡೆ ಕೂಡಬೇಕು.

2. ಶ್ರುತಿ. ಬಹಳಷ್ಟು ಗುಂಪುಗಳು ಎಡವುವುದು ಇಲ್ಲಿ. ತಬಲಾ ಕರಿ ಒಂದಕ್ಕೆ, ಅಂದರೆ ಸಿ ಶಾರ್ಪ್‌ಗೆ ಕೂಡಿಸಿದೆ ಎನ್ನೋಣ. ಆಲ್ಟೊ ಸ್ಯಾಕ್ಸೊಫೋನಿನಲ್ಲಿ ‘ಸಿ’ ನುಡಿಸಿದರೆ ಕೇಳಿಸುವುದು ಇ ಫ್ಲ್ಯಾಟ್. ಹಾಗಾಗಿ ಅದೇ ‘ಸಾ’ ಬೇಕೆಂದರೆ ವಾದಕರು ಬಿ ಫ್ಲ್ಯಾಟ್ ಹಿಡಿಯಬೇಕು. ಗಿಟಾರಿನವರು ಮೊದಲ ಮನೆಗೆ ಕೇಪೊ ಹಾಕಿ ಸಿ ನುಡಿಸಿದರೆ ಕೈಗೆ ಸುಲಭ.

ಗುಂಪಿನಲ್ಲಿ ಹಾರ್ಮೋನಿಯಂ ಇದ್ದರೆ ಅದೇ ಯಜಮಾನ. ಅದರ ರೀಡುಗಳನ್ನು ರೆಕಾರ್ಡಿಂಗ್ ದಿನ ತಿದ್ದಲಾಗದು. ಫೋನಿನ ಟ್ಯೂನರ್ ಅದರ ‘ಎ’ ಸ್ವರವನ್ನು 440ರ ಬದಲು 442 ಹರ್ಟ್ಜ್ ಎಂದು ತೋರಿಸಿದರೆ ಕೀಬೋರ್ಡನ್ನೂ 442ಕ್ಕೆ ಇಡಬೇಕು. ಉಳಿದವರು ಅದಕ್ಕೇ ಕೂಡಿಸಿಕೊಳ್ಳಬೇಕು.

ಪ್ರತಿ ಟ್ಯೂನಿಗೆ ಒಂದು ಚೀಟಿ ಇರಲಿ: ಸಾ ಯಾವುದು, ಎ ಎಷ್ಟು, ಲಯ ಎಷ್ಟು. ಟೇಕ್‌ಗೆ ಮುನ್ನ ಹತ್ತು ಸೆಕೆಂಡ್ ತಂಬೂರಿ ರೆಕಾರ್ಡ್ ಮಾಡಿಟ್ಟರೆ ಮುಂದಿನ ವಾರ ಬರುವ ಸಿತಾರಿನವರಿಗೆ ಆಧಾರ ಸಿಗುತ್ತದೆ. ಸ್ಯಾಕ್ಸೊಫೋನ್ ಬಿಸಿಯಾದಂತೆ ಶ್ರುತಿ ಏರುತ್ತದೆ. ಎಸಿ ಹಾಕಿ ತೆಗೆದರೆ ತಬಲಾದ ಚರ್ಮವೂ ಮಾತು ಕೇಳದು. ಆದ್ದರಿಂದ ಪ್ರತಿ ಟೇಕ್‌ಗೂ ಪರೀಕ್ಷೆ ಬೇಕು.

ದೊಡ್ಡವರಿಗೂ ಇದು ತಪ್ಪಿಲ್ಲ. ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ 1959ರಲ್ಲಿ ಎರಡೇ ದಿನದ ರೆಕಾರ್ಡಿಂಗ್. ಮೊದಲ ದಿನ ಟೇಪ್ ಯಂತ್ರವೊಂದು ತುಸು ನಿಧಾನ ಓಡಿತ್ತು. ಅದರಿಂದಾಗಿ ಮೊದಲ ಬದಿಯ ಮೂರೂ ಟ್ಯೂನ್‌ಗಳು ತುಸು ಏರುಶ್ರುತಿಯಲ್ಲೇ ಕೇಳಿಸುತ್ತ ಬಂದವು. ತಿದ್ದಿದ ಆವೃತ್ತಿ ಬಂದದ್ದು 1990ರ ದಶಕದಲ್ಲಿ.

3. ಕೋಣೆ, ಮೈಕ್. ಎಲ್ಲರೂ ಒಂದೇ ಕೋಣೆಯಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕೂರಬೇಕು. ಒಂದು ವಾದ್ಯದ ದನಿ ಇನ್ನೊಂದರ ಮೈಕ್‌ಗೆ ನುಸುಳಿದರೆ ಚಿಂತೆಯಿಲ್ಲ. ಫ್ಯಾನ್ ಬಂದ್. ತಗಡಿನ ಛಾವಣಿಯಿದ್ದರೆ ಮಳೆಗಾಲದಲ್ಲಿ ಈ ಕೆಲಸವೇ ಬೇಡ. 24 ಬಿಟ್ ಇಟ್ಟುಕೊಂಡು, ಜೋರು ನುಡಿಸುವಾಗಲೂ ಮಟ್ಟ ಮೈನಸ್ 10 ಡೆಸಿಬಲ್ ದಾಟದಂತೆ ನೋಡಿಕೊಳ್ಳಬೇಕು.

4. ಟೇಕ್. ಒಂದು ಟ್ಯೂನಿಗೆ ಮೂರು. ನಾಲ್ಕನೆಯದಕ್ಕೆ ಹುರುಪು ಇಳಿದಿರುತ್ತದೆ. ಅಂದೇ ರಾತ್ರಿ ಎರಡು ಡಿಸ್ಕ್‌ಗಳಿಗೆ ನಕಲು.

5. ಕಾಗದಪತ್ರ. ಹಳೆಯ ಹಾಡುಗಳಿಗೆ ಹಕ್ಕುದಾರರ ಅನುಮತಿ ಬೇಕು. ಕಾಯ್ದೆಯ ಕವರ್ ಆವೃತ್ತಿ ದಾರಿ ಹಿಡಿದರೆ ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು. ಸ್ವಂತ ರಚನೆಯೇ ಮೇಲು. ಪ್ರತಿ ಟ್ರ್ಯಾಕ್‌ಗೆ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತ ಇರಬೇಕು, ವಿತರಕರು ಕೊಡುತ್ತಾರೆ. ರಚನೆ ಯಾರದು, ಪಾಲು ಎಷ್ಟು, ಹಣ ಯಾರ ಖಾತೆಗೆ ಎಂಬುದನ್ನು ಬಿಡುಗಡೆಗೆ ಮುನ್ನ ಒಂದೇ ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಬೇಕು.